ಚಳಿಗಾಲದ 5 ತಿಂಗಳು ಮೆಕ್ಸಿಕೋದ ಕಡಲೂರಿನಲ್ಲಿ: ನಾವಿಬ್ಬರು ಇದ್ದು ಬಂದ ಅನುಭವ

ವಿನ್ನಿಪೆಗ್ ಅಜ್ಜಿ:

ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಒಬ್ಬರು ಕೇಳಿದ್ದರು: "ಇಬ್ಬರೂ ರಿಟೈರ್ ಆಗಿದ್ದೇವೆ, ಕೆನಡಾ ಚಳಿ ಇನ್ನು ತಡೆಯೋಕೆ ಆಗ್ತಿಲ್ಲ, ಮೆಕ್ಸಿಕೋಗೆ ಹೋಗೋರು ಯಾರಾದ್ರೂ ಇದ್ದೀರಾ?" ಅಂತ. ನಾವಿದ್ದೇವೆ. ಮೂರು ಚಳಿಗಾಲ ಅಲ್ಲಿ ಕಳೆದಿದ್ದೇವೆ. ನಾಲ್ಕು ಸಾಲಿನ ಉತ್ತರದಲ್ಲಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬೇರೆಯಾಗಿ ಬರೆಯುತ್ತಿದ್ದೇನೆ.

ನನಗೆ 68, ನಮ್ಮನೆಯವರಿಗೆ 73. ವಿನ್ನಿಪೆಗ್‌ಗೆ ಬಂದು 34 ವರ್ಷ ಆಯಿತು. ಜನವರಿಯಲ್ಲಿ ಮೈನಸ್ 30 ಇಲ್ಲಿ ಯಾರಿಗೂ ಸುದ್ದಿಯಲ್ಲ. ಕೆಲಸಕ್ಕೆ ಹೋಗುತ್ತಿದ್ದಾಗ ನಮಗೂ ಚಳಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಮನೆಯಲ್ಲೇ ಇರಲು ಶುರು ಮಾಡಿದ ಮೇಲೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಕಿಟಕಿಯೇ ಗತಿ. ಅವರು ಒಮ್ಮೆ ಮನೆ ಮುಂದೆಯೇ ಮಂಜುಗಡ್ಡೆ ಮೇಲೆ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡರು. ಆಮೇಲೆ ಅವರನ್ನು ಹೊರಗೆ ಕಳಿಸಲು ನನಗೇ ಧೈರ್ಯ ಬರಲಿಲ್ಲ. ಇಬ್ಬರೂ ಸುಮ್ನೆ ಕೂತು ಕೂತು ಮಾತು ಕೂಡ ಕಡಿಮೆ ಆಗಿತ್ತು.

ನಾವು ಹೋಗುವ ಊರು ಮೆಲಾಕೆ. ಪೂರ್ತಿ ಹೆಸರು ಸಾನ್ ಪಾತ್ರಿಸಿಯೊ ಮೆಲಾಕೆ. ಹಲಿಸ್ಕೊ ರಾಜ್ಯದ ದಕ್ಷಿಣ ತುದಿಯಲ್ಲಿ, ಪೆಸಿಫಿಕ್ ಕಡಲ ದಂಡೆಯಲ್ಲಿದೆ. ಕಾನ್ಕೂನ್ ಥರ ದೊಡ್ಡ ದೊಡ್ಡ ಹೋಟೆಲುಗಳ ಸಾಲು ಇಲ್ಲಿಲ್ಲ. ಅರ್ಧಚಂದ್ರದ ಹಾಗೆ ಬಾಗಿದ ಒಂದು ಕೊಲ್ಲಿ. ಅದರ ಒಂದು ತುದಿಗೆ ಮೆಲಾಕೆ, ಇನ್ನೊಂದು ತುದಿಗೆ ಬಾರ್ರಾ ದೆ ನಾವಿದಾದ್ ಅನ್ನುವ ಇನ್ನೂ ಚಿಕ್ಕ ಊರು. ಹತ್ತಿರದ ವಿಮಾನ ನಿಲ್ದಾಣ ಪಕ್ಕದ ಕೊಲಿಮಾ ರಾಜ್ಯದ ಮನ್ಸಾನಿಯೊದ್ದು. ಅಲ್ಲಿಂದ ಟ್ಯಾಕ್ಸಿಯಲ್ಲಿ ಒಂದು ಗಂಟೆಯೊಳಗೆ ಮನೆ ಸೇರುತ್ತೇವೆ.

ಭೂಪಟದಲ್ಲಿ ನೋಡಿದರೆ ಈ ಊರು ಹೆಚ್ಚುಕಡಿಮೆ ಮುಂಬೈ ಇರುವ ಅಕ್ಷಾಂಶದಲ್ಲೇ ಇದೆ. ಪಶ್ಚಿಮ ದಂಡೆ ಬೇರೆ. ಹಾಗಾಗಿ ಸೂರ್ಯ ನಮ್ಮ ಕರಾವಳಿಯಲ್ಲಿ ಮುಳುಗುವ ಹಾಗೆಯೇ ಸಮುದ್ರಕ್ಕೇ ಇಳಿಯುತ್ತಾನೆ. ಮೊದಲ ಸಂಜೆ ಅದನ್ನು ನೋಡುತ್ತಾ ನಮ್ಮನೆಯವರು "ಮಲ್ಪೆಯಲ್ಲಿ ಕೂತ ಹಾಗಿದೆ ಕಣೇ" ಅಂದರು. ಎಷ್ಟೋ ತಿಂಗಳ ಮೇಲೆ ಅವರು ತಾವಾಗಿಯೇ ಆಡಿದ ಮಾತು ಅದು. ನಾನು ಅಲ್ಲೇ ಅತ್ತುಬಿಟ್ಟೆ.

ಹವೆ ಬಗ್ಗೆ ಹೇಳೋದಾದರೆ, ಮಳೆಗಾಲ ಜೂನ್‌ನಿಂದ ಅಕ್ಟೋಬರ್‌ವರೆಗೆ. ನಾವಿರುವ ನವೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಮಳೆ ಇಲ್ಲವೇ ಇಲ್ಲ ಅನ್ನಬಹುದು. ಹಗಲು 28, 30 ಡಿಗ್ರಿ. ರಾತ್ರಿ ತೆಳು ಹೊದಿಕೆ ಸಾಕು.

ಮನೆ ಸಮುದ್ರದಿಂದ ಮೂರು ಬೀದಿ ಒಳಗೆ. ಎದುರಿಗೇ ಕಡಲು ಕಾಣುವ ಮನೆಗೆ ಬಾಡಿಗೆ ಎರಡು ಪಟ್ಟು. ಜೊತೆಗೆ ರಾತ್ರಿಯಿಡೀ ಅಲೆಗಳ ಸದ್ದಿಗೆ ನಮ್ಮ ವಯಸ್ಸಿನವರಿಗೆ ನಿದ್ದೆ ಬರುವುದಿಲ್ಲ. ಮೊದಲ ಎರಡು ವಾರ ಹಾಗೊಂದು ಮನೆಯಲ್ಲಿದ್ದು ತಿಳಿದುಕೊಂಡೆವು. ಈಗಿನದು ಒಂದು ಕೋಣೆ, ಅಡುಗೆಮನೆ, ಮುಂದೆ ಅಂಗಳ. ಅಂಗಳದಲ್ಲಿ ಒಂದು ನಿಂಬೆ ಗಿಡ, ಎರಡು ತೆಂಗು. ಮನೆಯೊಡತಿ ಹಿಂದಿನ ಭಾಗದಲ್ಲೇ ಇರುತ್ತಾರೆ. ವಯಸ್ಸು ನನ್ನಷ್ಟೇ. ಮೊದಲ ವರ್ಷ ಇಂಟರ್ನೆಟ್‌ನಲ್ಲಿ ಬುಕ್ ಮಾಡಿದ್ದೆವು. ಎರಡನೇ ವರ್ಷದಿಂದ ಊರಲ್ಲಿ ನಡೆದಾಡಿ, "ಸೆ ರೆಂತಾ" (ಬಾಡಿಗೆಗಿದೆ) ಅನ್ನುವ ಬೋರ್ಡ್ ನೋಡಿ, ಬಾಗಿಲು ತಟ್ಟಿ ಮಾತಾಡಿದೆವು. ಬಾಡಿಗೆ ಅರ್ಧಕ್ಕರ್ಧ ಕಡಿಮೆ ಆಯಿತು.

ಕುಡಿಯುವ ನೀರಿಗೆ 20 ಲೀಟರಿನ ಕ್ಯಾನ್. ಅದಕ್ಕೆ ಗರಾಫೋನ್ ಅನ್ನುತ್ತಾರೆ. ಗಾಡಿಯವನು ಬೀದಿಯಲ್ಲಿ ಕೂಗುತ್ತಾ ಬರುತ್ತಾನೆ, ಖಾಲಿ ಕೊಟ್ಟು ತುಂಬಿದ್ದು ತಗೊಳ್ಳೋದು. ಗ್ಯಾಸ್ ಗಾಡಿ ಬರುತ್ತದೆ, ಬ್ರೆಡ್ ಮಾರುವವನು ಬರುತ್ತಾನೆ. ಬೆಳಗಿನಿಂದ ಬೀದಿಯಲ್ಲಿ ಮನುಷ್ಯರ ದನಿ. ವಿನ್ನಿಪೆಗ್‌ನಲ್ಲಿ ನನಗೆ ಕೊರತೆ ಆಗಿದ್ದು ಬಿಸಿಲೊಂದೇ ಅಲ್ಲ, ಈ ದನಿ ಕೂಡ.

ಅಲ್ಲಿಗೆ ಹೋಗೋರಿಗೆ ಒಂದು ಮಾತು ಹೇಳಬೇಕು. ರಜಾಕ್ಕೆ ಹೋದ ಹಾಗೆ ಹೋಗಬೇಡಿ. 5 ತಿಂಗಳು ಅಂದರೆ ಸಂಸಾರ. ಮೂರನೇ ವಾರಕ್ಕೆ ಸಮುದ್ರ ನೋಡಿ ಸಾಕಾಗುತ್ತದೆ. ಆಮೇಲೆ ಕೈ ಹಿಡಿಯೋದು ಅಕ್ಕಪಕ್ಕದವರು. ಅವರ ಜೊತೆ ಬೆರೆಯಲು ಅವರ ಮಾತು ಬೇಕು. ನಾನು ಹೋಗುವ ಮುಂಚೆ ಒಂದು ವರ್ಷ ದಿನಾ ಅರ್ಧ ಗಂಟೆ ಸ್ಪ್ಯಾನಿಷ್ ಕಲಿತೆ. ನಮಗೆ ಅದು ಅಂಥ ಕಷ್ಟ ಅಲ್ಲ. ಬರೆದ ಹಾಗೆಯೇ ಓದುತ್ತಾರೆ. ನಮ್ಮಲ್ಲಿ ನೀನು, ನೀವು ಇರುವ ಹಾಗೆ ಅಲ್ಲಿ ತೂ, ಉಸ್ತೆದ್ ಇವೆ. ದೊಡ್ಡವರಿಗೆ ಉಸ್ತೆದ್. ಕೇಳಿಸದಿದ್ದರೆ "ಕೇ?" ಅನ್ನುವುದು ಒರಟು. "ಮಾಂದೆ?" ಅನ್ನಬೇಕು. ನಾವು "ಆಂ?" ಅನ್ನುವುದಕ್ಕೂ "ಏನಂದ್ರಿ?" ಅನ್ನುವುದಕ್ಕೂ ಇರುವ ವ್ಯತ್ಯಾಸವೇ ಅದು. ನಾನು ಮೊದಲ ಸಲ "ಮಾಂದೆ" ಅಂದಾಗ ತರಕಾರಿ ಅಂಗಡಿಯಾಕೆ ಕೆಲಸ ಬಿಟ್ಟು ಬಂದು ಕೈ ಹಿಡಿದುಕೊಂಡಳು.

ಏನು ಬೇಕಾದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.

ಕುಂದಾಪುರದ ಹುಡುಗ:

ಅಜ್ಜಿ, ಬಹಳ ಚೆನ್ನಾಗಿ ಬರೆದಿದ್ದೀರಿ. ನಾನು ಕೆಲಸದ ಮೇಲೆ ಗ್ವಾದಲಹಾರಾದಲ್ಲಿ ಎರಡು ವರ್ಷ ಇದ್ದೆ. ಅಲ್ಲಿಂದ ಬಸ್ಸಿನಲ್ಲಿ ಐದು ಗಂಟೆ, ನಿಮ್ಮ ಊರಿಗೆ ಎಷ್ಟು ಸಲ ಬಂದಿದ್ದೇನೋ. ಬೆಳಿಗ್ಗೆ ಮೀನುಗಾರರು ಸೊಂಟದಷ್ಟು ನೀರಲ್ಲಿ ನಿಂತು ಬೀಸುಬಲೆ ಎಸೆಯೋದು ನೋಡಿದರೆ ನಮ್ಮ ಕೋಡಿ ಕಡಲೇ ನೆನಪಾಗುತ್ತಿತ್ತು. ಬಲೆ ಬಿದ್ದ ಕೂಡಲೇ ಪೆಲಿಕನ್ ಹಕ್ಕಿಗಳು ಬಂದು ಸುತ್ತುವರಿಯುತ್ತವೆ. ಅದೊಂದು ಮಾತ್ರ ನಮ್ಮಲ್ಲಿಲ್ಲ.

ಆ ದಂಡೆಯಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಆಮೆ ನಮ್ಮ ಕುಂದಾಪುರ, ಹೊನ್ನಾವರದ ದಂಡೆಗೂ ಬರುವ ಜಾತಿಯೇ. ಅವರು ಅದಕ್ಕೆ ಗೋಲ್ಫೀನಾ ಅನ್ನುತ್ತಾರೆ. ಡಿಸೆಂಬರ್ ಹೊತ್ತಿಗೂ ಮರಿಗಳನ್ನು ಕಡಲಿಗೆ ಬಿಡೋದು ನೋಡಲು ಸಿಗುತ್ತದೆ. ಮೊಮ್ಮಕ್ಕಳು ಬಂದರೆ ತಪ್ಪದೆ ತೋರಿಸಿ.

ಇನ್ನೊಂದು ವಿಷಯ. ಫಿಲಿಪೀನ್ಸ್‌ಗೆ ಹೋದ ಲೆಗಾಸ್ಪಿ ಅನ್ನುವ ನಾಯಕನ ಸ್ಪ್ಯಾನಿಷ್ ಹಡಗುಗಳು 1564ರ ನವೆಂಬರ್ 21ರಂದು ಹೊರಟಿದ್ದು ಅದೇ ಬಾರ್ರಾ ದೆ ನಾವಿದಾದ್‌ನಿಂದ. ಮರುವರ್ಷ ಉರ್ದನೇತಾ ಅನ್ನುವ ಪಾದ್ರಿ ವಾಪಸ್ ಬರುವ ದಾರಿ ಹಿಡಿದುಕೊಟ್ಟ. ಆಮೇಲೆ 1815ರವರೆಗೆ ಮನಿಲಾಕ್ಕೂ ಮೆಕ್ಸಿಕೋದ ಅಕಾಪುಲ್ಕೊಕ್ಕೂ ಹಡಗು ಓಡಾಡಿದವು. ಆ ಓಡಾಟದಲ್ಲಿ ಬಂದ ಫಿಲಿಪೀನ್ಸ್ ಜನ ತೆಂಗಿನ ಮರದಿಂದ ರಸ ಇಳಿಸುವ ಕೆಲಸ ಕೊಲಿಮಾದವರಿಗೆ ಕಲಿಸಿದರು. ಈಗಲೂ ಅಲ್ಲಿ ತೂಬಾ ಅಂತ ಮಾರುತ್ತಾರೆ. ಹುಳಿ ಬಾರದ ತಾಜಾ ತೂಬಾ ಥೇಟ್ ನಮ್ಮ ನೀರಾ. ಮೇಲೆ ನೆಲಗಡಲೆ ಉದುರಿಸಿ ಕೊಡುತ್ತಾರೆ. ಮಾರುವವರು ಹೆಗಲ ಮೇಲೆ ಅಡ್ಡೆ ಹೊತ್ತು, ಎರಡು ಕಡೆ ಸೋರೆ ಬುರುಡೆ ಕಟ್ಟಿಕೊಂಡು ಬರುತ್ತಾರೆ. ನೀವು ಕುಡಿದಿದ್ದೀರಾ?

ವಿನ್ನಿಪೆಗ್ ಅಜ್ಜಿ:

ಕುಡಿದಿದ್ದೇವೆ ಮಗನೇ. ನಮ್ಮನೆಯವರಿಗೆ ಅದೆಂದರೆ ಪ್ರಾಣ. ಆದರೆ ಅದರ ಹಿಂದೆ ಇಷ್ಟು ಕಥೆ ಇದೆ ಅಂತ ಗೊತ್ತಿರಲಿಲ್ಲ. ಅವರಿಗೆ ಓದಿ ಹೇಳಿದೆ, ಎರಡು ಸಲ ಓದಿಸಿಕೊಂಡರು.

ಬಾರ್ರಾದ ಚರ್ಚಿನಲ್ಲಿ ಒಂದು ಏಸುವಿನ ಮೂರ್ತಿ ಇದೆ, ನೋಡಿರುತ್ತೀಯ. ಕೈಗಳು ಶಿಲುಬೆ ಮೇಲಿಲ್ಲ, ಮುರಿದು ಕೆಳಗೆ ಜೋತುಬಿದ್ದಿವೆ. 1971ರ ಸೆಪ್ಟೆಂಬರ್ 1ರ ಚಂಡಮಾರುತದ ದಿನ ಜನ ಚರ್ಚಿನೊಳಗೆ ಸೇರಿದ್ದಾಗ ಕೈಗಳು ಹಾಗೆ ಇಳಿದವಂತೆ, ಗಾಳಿ ನಿಂತಿತಂತೆ. "ನಮ್ಮನ್ನು ಕಾಯೋಕೆ ಕೈ ಕೆಳಗಿಳಿಸಿದ" ಅಂತ ಮನೆಯೊಡತಿ ಹೇಳಿದರು. ಸರಿ ಮಾಡಿಸದೆ ಹಾಗೆಯೇ ಇಟ್ಟುಕೊಂಡಿದ್ದಾರೆ. ನಾನು ಬಾರ್ರಾಗೆ ಹೋದಾಗಲೆಲ್ಲ ಐದು ನಿಮಿಷ ಅಲ್ಲಿ ಕೂತು ಬರುತ್ತೇನೆ.

ಮಿಸ್ಸಿಸಾಗಾ ಮಾವ:

ಲೆಕ್ಕದ ವಿಷಯ ನಾನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಇಲ್ಲಿ ಜಾಸ್ತಿ ಜನ ಎಡವುತ್ತಾರೆ.

ಮೊದಲನೆಯದು ಹೆಲ್ತ್ ಕಾರ್ಡ್, ಅಂದರೆ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆ. ನಮ್ಮ ಒಂಟಾರಿಯೋದಲ್ಲಿ ಅದು ಉಳಿಯಬೇಕಾದರೆ ಯಾವುದೇ 12 ತಿಂಗಳಲ್ಲಿ 153 ದಿನ ಇಲ್ಲಿರಲೇಬೇಕು. ಅಂದರೆ 212 ದಿನ ಹೊರಗಿರಬಹುದು. ಬೇರೆ ಪ್ರಾಂತ್ಯಗಳ ಲೆಕ್ಕ ಬೇರೆ, ನಿಮ್ಮ ನಿಮ್ಮ ಪ್ರಾಂತ್ಯದ್ದು ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಗಳ ಮನೆಗೆ ಅಂತ ಅಮೆರಿಕಕ್ಕೆ ಹೋದ ಮೂರು ವಾರವೂ ಇದರಲ್ಲೇ ಸೇರುತ್ತದೆ. ಅದನ್ನು ಮರೆಯೋರೇ ಜಾಸ್ತಿ.

ಎರಡನೆಯದು ವೃದ್ಧಾಪ್ಯ ಪಿಂಚಣಿ. 18 ವರ್ಷ ದಾಟಿದ ಮೇಲೆ ಕೆನಡಾದಲ್ಲಿ 20 ವರ್ಷ ವಾಸ ಆಗಿದ್ದರೆ ಎಲ್ಲಿದ್ದರೂ ಓಎಎಸ್ ಬರುತ್ತದೆ. ಆಗಿಲ್ಲದಿದ್ದರೆ 6 ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿಲ್ಲುತ್ತದೆ. ಕಡಿಮೆ ಆದಾಯದವರಿಗೆ ಸಿಗುವ ಜಿಐಎಸ್ ಅಂತೂ 20 ವರ್ಷ ಆಗಿದ್ದರೂ 6 ತಿಂಗಳು ದಾಟಿದರೆ ನಿಲ್ಲುತ್ತದೆ. ಮಕ್ಕಳ ಜೊತೆ ಇರೋಕೆ ತಡವಾಗಿ ಬಂದ ಅಪ್ಪ ಅಮ್ಮಂದಿರು ಇದನ್ನು ಗಮನಿಸಬೇಕು.

ಮೂರನೆಯದು ಮೆಕ್ಸಿಕೋದ ಪ್ರವೇಶ. ಕೆನಡಾ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಬೇಡ. ಪ್ರವಾಸಿಯಾಗಿ ಹೆಚ್ಚೆಂದರೆ 180 ದಿನ. ಆದರೆ ಎಷ್ಟು ದಿನ ಬರೆಯಬೇಕು ಅನ್ನೋದು ಅಲ್ಲಿನ ಅಧಿಕಾರಿಯ ಕೈಯಲ್ಲಿದೆ. ಮರಳುವ ಟಿಕೆಟ್, ಬಾಡಿಗೆ ಕಾಗದ ತೋರಿಸಿ, ಇಷ್ಟು ದಿನ ಬೇಕು ಅಂತ ಕೇಳಿ. ಕೌಂಟರ್ ಬಿಡುವ ಮುಂಚೆಯೇ ಬರೆದ ಸಂಖ್ಯೆ ಓದಿಕೊಳ್ಳಿ.

ವಿನ್ನಿಪೆಗ್ ಅಜ್ಜಿ:

ಮಾವನವರು ಹೇಳಿದ್ದು ಪೂರ್ತಿ ನಿಜ. ಇದಕ್ಕೆ ಇನ್ಶೂರೆನ್ಸ್ ವಿಷಯ ಸೇರಿಸುತ್ತೇನೆ. ಇದು ನಮಗೇ ಆಗಿದ್ದು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಎರಡನೇ ವರ್ಷ. ಸೆಪ್ಟೆಂಬರ್‌ನಲ್ಲಿ ಇಲ್ಲಿ ಡಾಕ್ಟರ್ ನಮ್ಮನೆಯವರ ಬಿಪಿ ಮಾತ್ರೆಯನ್ನು ಸ್ವಲ್ಪ ಜಾಸ್ತಿ ಮಾಡಿದ್ದರು. 5 ಮಿಲಿಗ್ರಾಂ ಇದ್ದದ್ದು 10 ಆಯಿತು, ಅಷ್ಟೇ. ಅವರಿಗೆ ಏನೂ ತೊಂದರೆ ಇರಲಿಲ್ಲ. ಅಕ್ಟೋಬರ್‌ನಲ್ಲಿ ಇನ್ಶೂರೆನ್ಸ್ ಮಾಡಿಸಿದೆವು. ಫಾರಂನಲ್ಲಿ ಬಿಪಿ ಇದೆ ಅಂತಲೇ ಬರೆದೆವು, ಏನೂ ಮುಚ್ಚಿಡಲಿಲ್ಲ.

ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಅವರಿಗೆ ಎದೆ ಹಿಡಿದುಕೊಂಡಿತು. ಬೆವರು, ಉಸಿರು ಕಟ್ಟೋದು. ನಾನು ಕಿರುಚಿದ್ದು ಕೇಳಿ ಮನೆಯೊಡತಿ ಓಡಿ ಬಂದರು. ಅವರ ಅಕ್ಕನ ಮಗ ನಿದ್ದೆಯಿಂದೆದ್ದು ಬರಿಗಾಲಲ್ಲೇ ಬಂದು ಕಾರು ತೆಗೆದ. ಊರಲ್ಲಿ ಸಣ್ಣಪುಟ್ಟದಕ್ಕೆ ಡಾಕ್ಟರ್ ಇದ್ದಾರೆ, ದೊಡ್ಡದಕ್ಕೆ ಮನ್ಸಾನಿಯೊಗೇ ಹೋಗಬೇಕು. ಒಂದು ಗಂಟೆಯ ಆ ದಾರಿ ನನ್ನ ಜೀವನದಲ್ಲೇ ಉದ್ದದ ದಾರಿ. ಖಾಸಗಿ ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳುವ ಮುಂಚೆ ಕ್ರೆಡಿಟ್ ಕಾರ್ಡ್ ಕೇಳಿದರು. ಕೊಟ್ಟೆ. ಡಾಕ್ಟರು, ನರ್ಸುಗಳು ಬಹಳ ಚೆನ್ನಾಗಿ ನೋಡಿಕೊಂಡರು. ಮೂರು ದಿನ ಇಟ್ಟುಕೊಂಡು ಪರೀಕ್ಷೆ ಮಾಡಿ ಹಾರ್ಟ್ ಅಟ್ಯಾಕ್ ಅಲ್ಲ, ಹೃದಯದ ಬಡಿತ ತಪ್ಪಿದೆ ಅಂತ ಮಾತ್ರೆ ಕೊಟ್ಟು ಕಳಿಸಿದರು. ದೇವರ ದಯೆ.

ಬಿಲ್ ಸುಮಾರು 8,000 ಡಾಲರ್. ಇನ್ಶೂರೆನ್ಸ್ ಕಂಪನಿ ಒಂದು ಪೈಸೆಯನ್ನೂ ಕೊಡಲಿಲ್ಲ. ಯಾಕೆ ಗೊತ್ತಾ? ನಮ್ಮ ಪಾಲಿಸಿಯಲ್ಲಿ "ಹೊರಡುವ ಮುಂಚಿನ 180 ದಿನ ಕಾಯಿಲೆ ಸ್ಥಿರವಾಗಿರಬೇಕು" ಅಂತ ಇತ್ತು. ಮಾತ್ರೆಯ ಪ್ರಮಾಣ ಬದಲಾದರೂ ಸ್ಥಿರ ಅಲ್ಲವಂತೆ. ಹೆಚ್ಚಾದರೂ ಅಷ್ಟೇ, ಕಡಿಮೆಯಾದರೂ ಅಷ್ಟೇ. ಆ ಸಾಲು 20ನೇ ಪುಟದ ಮೇಲೆಲ್ಲೋ ಇತ್ತು. ಮಾರಿದವರು ಫೋನಿನಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. 73 ವಯಸ್ಸಿನ ಮನುಷ್ಯನಿಗೆ ವರ್ಷಕ್ಕೊಮ್ಮೆ ಮಾತ್ರೆ ಬದಲಾಗೋದು ಸಹಜ ಅಲ್ವಾ? ಇಂಥ ಸಾಲನ್ನು ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕು ಅಂತ ನನಗೆ ಈಗಲೂ ಸಿಟ್ಟಿದೆ.

ಈಗ ನಾವು ಮಾಡೋದು ಹೀಗೆ. ಏಪ್ರಿಲ್‌ನಲ್ಲಿ ವಾಪಸ್ ಬಂದ ಕೂಡಲೇ ಡಾಕ್ಟರನ್ನು ನೋಡುತ್ತೇವೆ. ಬದಲಾವಣೆ ಏನಿದ್ದರೂ ಮೇ ಮಧ್ಯದೊಳಗೆ ಮಾಡಿಸುತ್ತೇವೆ, ಹೊರಡೋ ಹೊತ್ತಿಗೆ ಆರು ತಿಂಗಳು ಆಗಿರಲಿ ಅಂತ. ಅದರ ಮೇಲೂ ಬದಲಾದರೆ ಕಂಪನಿಗೆ ಮೊದಲೇ ತಿಳಿಸಿ, ಉತ್ತರವನ್ನು ಬರಹದಲ್ಲಿ ತರಿಸಿಕೊಳ್ಳುತ್ತೇವೆ. ಬಾಯಿಮಾತು ಬೇಡ.

ಆ ಹುಡುಗನಿಗೆ ಪೆಟ್ರೋಲಿಗೆ ದುಡ್ಡು ಕೊಡಲು ಹೋದೆ. ತಗೊಳ್ಳಲಿಲ್ಲ. ಅವನ ಚಿಕ್ಕಮ್ಮ ಅಂದರು, "ನಿಮ್ಮ ಮಗನಿಗೆ ಕೊಡುತ್ತಿದ್ದಿರಾ?"

ಧಾರವಾಡದಾಕಿ, ಕ್ಯಾಲ್ಗರಿಯಿಂದ:

ಓದಿ ಎದೆ ಝಲ್ ಅಂತು. ಯಜಮಾನರು ಈಗ ಆರಾಮ ಇದ್ದಾರೇನ್ರಿ?

ನನಗೆ ಎರಡು ಪ್ರಶ್ನೆ ಇವೆ. ನಾವು ಸಸ್ಯಾಹಾರಿಗಳು, ಮೊಟ್ಟೆನೂ ತಿನ್ನೋದಿಲ್ಲ. ಅಲ್ಲಿ ಹೊಟ್ಟೆ ತುಂಬತೈತೇನು? ಎರಡನೆಯದು ಸ್ವಲ್ಪ ಮನಸ್ಸಿನ ಪ್ರಶ್ನೆ, ತಪ್ಪು ತಿಳೀಬ್ಯಾಡ್ರಿ. ಚಳಿಗಾಲಕ್ಕೆ ಹೋಗೋದಾದರೆ ಊರಿಗೇ ಯಾಕೆ ಹೋಗಬಾರದು? ಜನವರಿ ಒಳಗ ಧಾರವಾಡ ಅಂದರೆ ಸ್ವರ್ಗ. ನಮ್ಮ ಮಂದಿ, ನಮ್ಮ ಮಾತು, ಕಡಕ್ ರೊಟ್ಟಿ. ನಾನು ಇವರ ಮುಂದೆ ಮೆಕ್ಸಿಕೋ ಅಂದರೆ "ಊರು ಬಿಟ್ಟು ಅಲ್ಲಿಗ್ಯಾಕೆ?" ಅಂತ ಕೇಳತಾರೆ. ನನ್ನ ಹತ್ತಿರ ಉತ್ತರ ಇಲ್ಲ.

ವಿನ್ನಿಪೆಗ್ ಅಜ್ಜಿ:

ಅವರು ಚೆನ್ನಾಗಿದ್ದಾರಮ್ಮ, ಈಗ ಇಲ್ಲೇ ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಾರೆ.

ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ತಪ್ಪು ತಿಳಿಯೋದೇನು ಬಂತು, ನಾನೇ ನನ್ನನ್ನು ಕೇಳಿಕೊಂಡ ಪ್ರಶ್ನೆ ಅದು. ನಾವು 2017ರವರೆಗೆ ಎರಡು ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುತ್ತಿದ್ದೆವು. ಅಮ್ಮ ಇರುವವರೆಗೆ. ಅವರು ಹೋದ ಮೇಲೆ ಮನೆ ಮಾರಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡರು, ಜಗಳ ಇಲ್ಲದೆ. ಅದಾದ ಮೇಲೆ ಹೋದಾಗ ಒಂದು ವಾರ ಇವರ ಮನೆ, ಒಂದು ವಾರ ಅವರ ಮನೆ. ಎಲ್ಲರೂ ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಸೂಟ್‌ಕೇಸ್ ಬಿಚ್ಚಿ ಬಟ್ಟೆ ಜೋಡಿಸಿಡಲು ನಮ್ಮದು ಅನ್ನೋ ಒಂದು ಕಪಾಟು ಇರಲಿಲ್ಲ. ನಮ್ಮನೆಯವರ ಮಂಡಿಗೆ ಒಂದು ದಿನಕ್ಕಿಂತ ಜಾಸ್ತಿ ಪ್ರಯಾಣ ಆಗೋದಿಲ್ಲ. ಇನ್ನೊಂದು, ಮೊಮ್ಮಗಳು. ಚಳಿಗಾಲದಲ್ಲಿ ವಿನ್ನಿಪೆಗ್‌ಗೂ ಮೆಲಾಕೆಗೂ ಗಡಿಯಾರ ಒಂದೇ. ಅವಳು ಸ್ಕೂಲಿಂದ ಬಂದು ಬ್ಯಾಗ್ ಇಟ್ಟ ಕೂಡಲೇ ವಿಡಿಯೋ ಕಾಲ್ ಮಾಡುತ್ತಾಳೆ. ಮೈಸೂರಲ್ಲಿದ್ದರೆ ಆಗ ನಮಗೆ ರಾತ್ರಿ ಮೂರು ಗಂಟೆ. ಊರಲ್ಲಿ ನಿಮಗೆ ಮನೆ ಇದ್ದರೆ, ಕಾಯುವವರಿದ್ದರೆ, ದಯವಿಟ್ಟು ಊರಿಗೇ ಹೋಗಿ. ಅದಕ್ಕೆ ಸಮ ಯಾವುದೂ ಇಲ್ಲ.

ಇನ್ನು ಊಟ. ಮನೆಯಲ್ಲಿ ಮಾಡಿಕೊಂಡರೆ ಯಾವ ಕೊರತೆಯೂ ಇಲ್ಲ. ವಾರದ ಸಂತೆಗೆ ತಿಯಾಂಗಿಸ್ ಅನ್ನುತ್ತಾರೆ. ಸ್ಪೇನಿನವರು ಬರುವುದಕ್ಕೆ ಮುಂಚಿನ, ನಾವಾತ್ಲ್ ಭಾಷೆಯ ಪದ. ಸೀಮೆಬದನೆಕಾಯಿ ರಾಶಿ ರಾಶಿ ಸಿಗುತ್ತದೆ, ಅದರ ತವರೇ ಆ ಕಡೆ. ನಮ್ಮಲ್ಲಿ ಬೇಲಿಗೆ ಹಾಕುವ ಪಾಪಸ್‌ಕಳ್ಳಿಯ ಎಳೆ ಪಟ್ಟೆಗಳನ್ನು ಮುಳ್ಳು ತೆಗೆದು ಮಾರುತ್ತಾರೆ. ನೊಪಾಲ್ ಅಂತ. ಬೆಂಡೆಕಾಯಿಯ ಹಾಗೆ ಲೋಳೆ ಇರುತ್ತದೆ, ಚೆನ್ನಾಗಿ ಹುರಿದು ಒಗ್ಗರಣೆ ಹಾಕಿದರೆ ಒಳ್ಳೆ ಪಲ್ಯ. ಸಪೋಟ, ಸೀಬೆ, ಪರಂಗಿ, ಹುಣಸೆ, ಕೊತ್ತಂಬರಿ, ಹಸಿಮೆಣಸಿನಕಾಯಿ, ತೆಂಗಿನಕಾಯಿ ಎಲ್ಲ ಇದೆ. ಧಾರವಾಡದವರಿಗೆ ಒಂದು ಖುಷಿಯ ಸುದ್ದಿ: ಅಲ್ಲಿ ಎಲ್ಲರೂ ಕುಡಿಯುವ ಹಮೈಕಾ ಅನ್ನುವ ಕೆಂಪು ಶರಬತ್ತು ಕೆಂಪು ಪುಂಡಿಯ ಹೂವಿನ ಬುಡದ್ದು. ಎಲೆಯ ಪಲ್ಯ ಮಾಡುತ್ತಾರಾ ಅಂತ ಕೇಳಿದೆ, ಅವರಿಗೆ ಆಶ್ಚರ್ಯ ಆಯಿತು.

ಅಲ್ಲಿನ ರೊಟ್ಟಿ ತೊರ್ತಿಯಾ ಬಗ್ಗೆ ಬರೆಯದಿದ್ದರೆ ತಪ್ಪಾಗುತ್ತದೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ, ರಾತ್ರಿ ನೆನೆಸಿ, ತೊಳೆದು ಬೀಸುತ್ತಾರೆ. ಆ ಸುಣ್ಣದಿಂದಲೇ ಹಿಟ್ಟು ಹದವಾಗಿ ಬರುತ್ತದೆ, ಮೈಗೂ ಒಳ್ಳೆಯದು. ಬೀದಿಗೊಂದು ತೊರ್ತಿಯಾ ಅಂಗಡಿ. ಬಟ್ಟೆ ತಗೊಂಡು ಹೋದರೆ ಬಿಸಿಬಿಸಿ ತೂಗಿ ಸುತ್ತಿ ಕೊಡುತ್ತಾರೆ. ನಮಗೆ ಅರ್ಧ ಕಿಲೋ ಎರಡು ಹೊತ್ತಿಗೆ ಸಾಕು. ಎಣ್ಣೆಗಾಯಿ ಮಾಡಿಕೊಂಡರೆ ಜೋಳದ ರೊಟ್ಟಿ ಜಾಗದಲ್ಲಿ ನಡೆಯುತ್ತದೆ.

ಹೋಟೆಲಿನಲ್ಲಿ ಎಚ್ಚರ ಬೇಕು. ಬೀನ್ಸ್ ಅರೆದು ಮಾಡುವುದರಲ್ಲಿ ಹಂದಿ ಕೊಬ್ಬು ಹಾಕುವುದುಂಟು, ಮಾಂತೆಕಾ ಅನ್ನುತ್ತಾರೆ. ಕೆಂಪು ಅನ್ನ ಕೋಳಿ ಸಾರಿನಲ್ಲಿ ಬೆಂದಿರುತ್ತದೆ. ಮೈದಾ ತೊರ್ತಿಯಾದಲ್ಲೂ ಮಾಂತೆಕಾ ಇರಬಹುದು. "ಮಾಂಸ ತಿನ್ನೋದಿಲ್ಲ" ಅಂದರೆ ಇವೆಲ್ಲ ಮಾಂಸ ಅಂತ ಅವರಿಗೆ ಅನ್ನಿಸೋದಿಲ್ಲ, ಮೋಸ ಮಾಡುವವರಲ್ಲ ಪಾಪ. "ಸಿನ್ ಮಾಂತೆಕಾ, ಸಿನ್ ಕಾಲ್ದೊ ದೆ ಪೊಯೊ" ಅಂತ ಬಿಡಿಸಿ ಹೇಳಿ. ಕೊಬ್ಬು ಬೇಡ, ಕೋಳಿ ಸಾರು ಬೇಡ ಅಂತ.

ಮೊದಲ ವರ್ಷದ ಸಂಕ್ರಾಂತಿ ದಿನ ಬೆಳಿಗ್ಗೆ ಎದ್ದು ಬೇಜಾರಾಗಿ ಕೂತಿದ್ದೆ. ಆಮೇಲೆ ಅಂಗಡಿಯಲ್ಲಿ ನೋಡಿದರೆ ಎಲ್ಲ ಇದೆ! ಪಿಲೊನ್ಸಿಯೊ ಅಂದರೆ ನಮ್ಮ ಅಚ್ಚು ಬೆಲ್ಲವೇ, ಶಂಕುವಿನ ಆಕಾರದಲ್ಲಿ. ಎಳ್ಳಿಗೆ ಅಹೊನ್‌ಹೊಲಿ. ಕಡಲೆಕಾಯಿ, ಕೊಬ್ಬರಿ ಕೂಡ. ಹುರಿಗಡಲೆ ಒಂದು ಬಿಟ್ಟು. ಕೂತು ಸಣ್ಣಗೆ ಹೆಚ್ಚಿ ಎಳ್ಳುಬೆಲ್ಲ ಮಾಡಿದೆ. ಮನೆಯೊಡತಿಗೆ, ಎದುರು ಮನೆಗೆ, ತರಕಾರಿಯಾಕೆಗೆ ಕೊಟ್ಟು ಬಂದೆ. "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ" ಅನ್ನೋದನ್ನು ನನ್ನ ಮುರುಕು ಸ್ಪ್ಯಾನಿಷ್‌ನಲ್ಲಿ ಹೇಳಿದೆ. ಅದಕ್ಕೆ ಒಂದು ವಾರ ಮುಂಚೆ, ಜನವರಿ 6ರ ಮೂರು ರಾಜರ ಹಬ್ಬಕ್ಕೆ, ಅವರು ನಮ್ಮನ್ನು ಕರೆದಿದ್ದರು. ರೋಸ್ಕಾ ಅನ್ನುವ ಬಳೆಯಾಕಾರದ ಸಿಹಿ ಬ್ರೆಡ್ಡಿನೊಳಗೆ ಪುಟ್ಟ ಮಗುವಿನ ಬೊಂಬೆ ಹುದುಗಿಸಿರುತ್ತಾರೆ. ಯಾರ ತುಂಡಿನಲ್ಲಿ ಬರುತ್ತದೋ ಅವರು ಫೆಬ್ರವರಿ 2ಕ್ಕೆ ಎಲ್ಲರಿಗೂ ತಮಾಲೆ (ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥದ್ದು) ಊಟ ಹಾಕಬೇಕು. ಬೊಂಬೆ ನಮ್ಮನೆಯವರಿಗೇ ಬಂತು! ಮನೆಯೊಡತಿ, ನಾನು ಸೇರಿ ಬೆಳಗಿನಿಂದ ಹಿಟ್ಟು ನಾದಿದೆವು. ನಮ್ಮ ಪಾಲಿನದು ಎಣ್ಣೆ ಹಾಕಿ, ಒಳಗೆ ಆಲೂಗಡ್ಡೆ ಪಲ್ಯ ಇಟ್ಟು ಮಾಡಿದ್ದು. ಮೊದಲು ಖಾಲಿ ಆಗಿದ್ದು ಅದೇ.

ಮಿಸ್ಸಿಸಾಗಾ ಮಾವ:

ಎಷ್ಟೋ ಜನ ಎರಡು ಚಳಿಗಾಲ ಕಳೆದ ಮೇಲೆ "ಬಾಡಿಗೆ ಯಾಕೆ, ಒಂದು ಸೈಟ್ ತಗೊಳ್ಳೋಣ" ಅಂತ ಹೊರಡುತ್ತಾರೆ. ನಾನೂ ಹೊರಟಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಕ್ಸಿಕೋದ ಸಂವಿಧಾನದ ಪ್ರಕಾರ ಕಡಲ ದಂಡೆಯಿಂದ 50 ಕಿಲೋಮೀಟರ್, ಗಡಿಯಿಂದ 100 ಕಿಲೋಮೀಟರ್ ಒಳಗೆ ವಿದೇಶಿಯರು ಜಮೀನನ್ನು ನೇರವಾಗಿ ತಮ್ಮ ಹೆಸರಿಗೆ ಮಾಡಿಕೊಳ್ಳುವಂತಿಲ್ಲ. ಬ್ಯಾಂಕಿನ ಹೆಸರಲ್ಲಿ ಟ್ರಸ್ಟ್ ಮಾಡಿಸಬೇಕು. ಫಿದೆಯಿಕೊಮೀಸೊ ಅನ್ನುತ್ತಾರೆ. 50 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಬ್ಯಾಂಕಿಗೆ ವರ್ಷ ವರ್ಷ ಶುಲ್ಕ ಕಟ್ಟಬೇಕು. ಇದು ಕಾನೂನುಬದ್ಧ ದಾರಿ, ಭಯ ಇಲ್ಲ.

ಭಯ ಇರುವುದು ಎಹಿದೊ ಜಮೀನಿನಲ್ಲಿ. ಮೆಕ್ಸಿಕೋ ಕ್ರಾಂತಿಯ ನಂತರ ರೈತರ ಗುಂಪುಗಳಿಗೆ ಹಂಚಿದ ಸಾಮೂಹಿಕ ಜಮೀನು ಅದು. ಕ್ರಮಬದ್ಧವಾಗಿ ಖಾಸಗಿ ಆಸ್ತಿಯಾಗಿ ಬದಲಾಗುವವರೆಗೆ ವಿದೇಶಿಯರಿಗೆ ಮಾರುವಂತಿಲ್ಲ. ನನಗೆ ತೋರಿಸಿದ ಸೈಟು ಅಂಥದ್ದೇ. ಬೆಲೆ ಬಹಳ ಕಡಿಮೆ, ಏಜೆಂಟ್ ಬಹಳ ಸಿಹಿ ಮಾತಿನವನು. ಮುಂಗಡ ಕೊಡೋಕೆ ರೆಡಿ ಆಗಿದ್ದೆ. ಅಲ್ಲಿ ನೋತಾರಿಯೊ ಅಂದರೆ ಸರ್ಕಾರ ನೇಮಿಸಿದ ಹಿರಿಯ ವಕೀಲರು, ನಮ್ಮೂರಿನ ನೋಟರಿ ಥರ ಬರೀ ಸೀಲು ಹಾಕುವವರಲ್ಲ. ನನ್ನ ಹೆಂಡತಿ ಹಟ ಹಿಡಿದು ಒಬ್ಬ ನೋತಾರಿಯೊ ಹತ್ತಿರ ಕರೆದುಕೊಂಡು ಹೋದಳು. ಅವರು ಕಾಗದ ನೋಡಿ ಐದೇ ನಿಮಿಷಕ್ಕೆ ಬೇಡ ಅಂದರು. ನನ್ನ 30 ವರ್ಷದ ಉಳಿತಾಯ ಉಳಿಸಿದವಳು ಅವಳು.

ನನ್ನನ್ನು ಕೇಳಿದರೆ ನಮ್ಮ ವಯಸ್ಸಿಗೆ ಬಾಡಿಗೆಯೇ ಒಳ್ಳೆಯದು. ಆರೋಗ್ಯ ಕೆಟ್ಟರೆ ಮುಂದಿನ ವರ್ಷ ಹೋಗದೆ ಇರಬಹುದು.

ಕುಂದಾಪುರದ ಹುಡುಗ:

ಮಾವ, ಅದಕ್ಕೆ ಇನ್ನೊಂದು ಮುಖವೂ ಇದೆ. ಹೊರಗಿನವರು ಬಂದು ಹೇಳಿದ ಬಾಡಿಗೆ ಕೊಡುತ್ತಾ ಹೋದರೆ ಅಲ್ಲಿನ ಹುಡುಗರಿಗೆ ಮದುವೆಯಾದ ಮೇಲೆ ತಮ್ಮೂರಲ್ಲೇ ಮನೆ ಸಿಗೋದಿಲ್ಲ. ಹೋಟೆಲಲ್ಲಿ ಕೆಲಸ ಮಾಡುವ ನನ್ನ ಸ್ನೇಹಿತನೊಬ್ಬ ಕಡಲಿನಿಂದ ದೂರದ ಹಳ್ಳಿಗೆ ಹೋದ. ನಮ್ಮ ಗೋಕರ್ಣದಲ್ಲೂ ಇದೇ ಮಾತು ಕೇಳಿದ್ದೇನೆ. ಅಜ್ಜಿ ಮಾಡಿದ ಹಾಗೆ ಊರಿನವರ ಮನೆಯನ್ನೇ ಬಾಡಿಗೆಗೆ ಹಿಡಿದರೆ ದುಡ್ಡು ಊರಲ್ಲೇ ಉಳಿಯುತ್ತದೆ.

ಡಲ್ಲಾಸ್ ಸೊಸೆ:

ನನ್ನ ಅತ್ತೆ ಮಾವ ಇಂಡಿಯಾದಿಂದ ಆರು ತಿಂಗಳಿಗೆ ಬಂದಿದ್ದಾರೆ. ಭಾರತದ ಪಾಸ್‌ಪೋರ್ಟ್, ಅಮೆರಿಕದ ಪ್ರವಾಸಿ ವೀಸಾ ಇದೆ. ಅವರನ್ನು ಎರಡು ವಾರ ಮೆಲಾಕೆಗೆ ಕರೆದುಕೊಂಡು ಹೋಗಬಹುದಾ? ನಮ್ಮ ಪಕ್ಕದ ಮನೆಯವರು ಮೆಡಿಕೇರ್ (ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಇದ್ದರೆ ಮೆಕ್ಸಿಕೋದಲ್ಲೂ ನಡೆಯುತ್ತೆ ಅಂದರು, ಅದು ನಿಜವಾ?

ಮಿಸ್ಸಿಸಾಗಾ ಮಾವ:

ಹೋಗಬಹುದಮ್ಮ. ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಯುರೋಪಿನ ಷೆಂಗೆನ್ ದೇಶಗಳ ಚಾಲ್ತಿಯಲ್ಲಿರುವ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋದ ಬೇರೆ ವೀಸಾ ಬೇಡ. ಅಮೆರಿಕಕ್ಕೆ ಮರಳಿ ಬರಲು ಅವರ ವೀಸಾ ಬಹುಪ್ರವೇಶದ್ದೇ ಅಂತ ನೋಡಿಕೊಳ್ಳಿ. ಮೆಡಿಕೇರ್ ಮಾತು ಸರಿಯಲ್ಲ. ಅಪರೂಪದ ಕೆಲವು ಸಂದರ್ಭ ಬಿಟ್ಟರೆ ಅದು ಅಮೆರಿಕದ ಹೊರಗೆ ನಡೆಯುವುದಿಲ್ಲ. ನಿಮ್ಮ ಅತ್ತೆ ಮಾವನಿಗೆ ಪ್ರತ್ಯೇಕ ಇನ್ಶೂರೆನ್ಸ್ ಬೇಕು.

ಧಾರವಾಡದಾಕಿ, ಕ್ಯಾಲ್ಗರಿಯಿಂದ:

ಊಟದ ಚಿಂತೆ ಹೋಯ್ತು. ನಿಮ್ಮ ಉತ್ತರ ಇವರಿಗೆ ಓದಿಸಿದೆ. ಕಪಾಟಿನ ಮಾತಿಗೆ ಬಂದಾಗ ಸುಮ್ಮನಾದರು. ಈಗ ಕೇಳತಾರೆ, ಅಲ್ಲಿ ಭಯ ಇಲ್ಲೇನು? ಗಲಾಟೆ, ಭೂಕಂಪ, ಹುಳಹುಪ್ಪಟೆ?

ವಿನ್ನಿಪೆಗ್ ಅಜ್ಜಿ:

ಕೇಳಬೇಕಾದ ಪ್ರಶ್ನೆಯೇ. ನಮ್ಮ ಬೀದಿಯಲ್ಲಿ ನಮಗೆ ಯಾವತ್ತೂ ಭಯ ಆಗಿಲ್ಲ. ಆದರೆ ಮೆಕ್ಸಿಕೋದಲ್ಲಿ ಒಂದೊಂದು ರಾಜ್ಯದ ಸ್ಥಿತಿ ಒಂದೊಂದು ಥರ. ಕೆನಡಾ ಸರ್ಕಾರದ ಪ್ರಯಾಣ ಎಚ್ಚರಿಕೆಯನ್ನು ಟಿಕೆಟ್ ಮಾಡಿಸುವ ಮುಂಚೆ ಒಮ್ಮೆ, ಹೊರಡುವ ಹಿಂದಿನ ದಿನ ಒಮ್ಮೆ ಓದಿ. ನೀವು ಇಳಿಯುವ ರಾಜ್ಯ, ಇರುವ ರಾಜ್ಯ ಎರಡಕ್ಕೂ ಓದಿ. "ಹೋಗಬೇಡಿ" ಅಂದಿರುವ ಕಡೆ ಹೋದರೆ ಇನ್ಶೂರೆನ್ಸ್ ನಡೆಯದೇ ಹೋಗಬಹುದು. ಕತ್ತಲಾದ ಮೇಲೆ ಹೆದ್ದಾರಿ ಪ್ರಯಾಣ ಬೇಡ. ತುರ್ತು ನಂಬರ್ ಅಲ್ಲೂ 911.

ಭೂಕಂಪ ಇದೆ. 1995ರ ಅಕ್ಟೋಬರ್ 9ರಂದು 8.0 ತೀವ್ರತೆಯ ಭೂಕಂಪ ಆಗಿ ಮೆಲಾಕೆಯ ಒಂದು ದೊಡ್ಡ ಹೋಟೆಲ್ ಹಾಳಾಯಿತು, ಸಮುದ್ರವೂ ಮೇಲೆ ಬಂತು. ಮನೆಯೊಡತಿ ಮೊದಲ ದಿನವೇ ನಮ್ಮನ್ನು ಹಿಂದಿನ ಗುಡ್ಡದ ಕಡೆ ನಡೆಸಿಕೊಂಡು ಹೋಗಿ ದಾರಿ ತೋರಿಸಿದರು. ಜೋರಾಗಿ ನಡುಗಿದರೆ ಸೈರನ್‌ಗೆ ಕಾಯಬೇಡಿ, ಸಾಮಾನು ಬಿಟ್ಟು ಇಲ್ಲಿಗೆ ಬನ್ನಿ ಅಂದರು.

ಚೇಳು ಇವೆ, ಕೆಲವು ಬಹಳ ವಿಷದವು. ಚಪ್ಪಲಿ ಕೊಡವಿ ಹಾಕಿಕೊಳ್ಳಿ, ಹಾಸಿಗೆ ಗೋಡೆಗೆ ತಾಗದಿರಲಿ. ಕಚ್ಚಿದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅಲ್ಲಿ ಅದಕ್ಕೆ ಒಳ್ಳೆ ಔಷಧಿ ಇದೆ. ಡೆಂಗೆ ಸೊಳ್ಳೆ ಹಗಲೇ ಕಚ್ಚುತ್ತದೆ. ನೆಗಡಿ ಮಾತ್ರೆ ತಗೊಂಡು ಹೋಗುವಾಗ ಸ್ಯೂಡೋಎಫೆಡ್ರಿನ್ ಇದೆಯಾ ನೋಡಿ, ಅಲ್ಲಿ ಅದು ನಿಷೇಧ. ಈಜೋದಾದರೆ ಮೆಲಾಕೆಯ ಪಶ್ಚಿಮ ತುದಿಯಲ್ಲಿ ಮಾತ್ರ, ನೀರು ಶಾಂತ. ಬಾರ್ರಾ ಕಡೆ ಅಲೆಯ ಸೆಳೆತ ಜೋರು.

ಮಾರ್ಚ್ 17ರವರೆಗೆ ಇರುವ ಹಾಗೆ ಹೋಗಿ. ಊರಿನ ಸಂತ ಪಾತ್ರಿಸಿಯೊನ ಜಾತ್ರೆ. ಒಂಬತ್ತು ದಿನ ಮೊದಲೇ ಶುರು. ರಾತ್ರಿ ಚೌಕದಲ್ಲಿ ಬಿದಿರು ಗೋಪುರ ಕಟ್ಟಿ ಬಾಣಬಿರುಸು ಹಚ್ಚುತ್ತಾರೆ. ನಮ್ಮನೆಯವರು ಮೊಮ್ಮಗಳಿಗೆ ಫೋನ್ ಹಿಡಿದು ತೋರಿಸುತ್ತಾ ನಿಂತಿರುತ್ತಾರೆ.

ಸಸ್ಕಟೂನ್ ಸಹೋದರಿ:

ಅಮ್ಮ, ನಾನು ಇಲ್ಲಿ ಹೊಸಬಳು, ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ನಾವಿಬ್ಬರೂ ಡಿಸೆಂಬರ್ 5ಕ್ಕೆ ಟಿಕೆಟ್ ಮಾಡಿಸಿದ್ದೇವೆ. ಇನ್ಶೂರೆನ್ಸ್‌ಗೆ ಹೋದ ತಿಂಗಳೇ ದುಡ್ಡು ಕಟ್ಟಿಯಾಯಿತು. ನಿಮ್ಮದು ಓದಿ ಈಗ ಭಯ ಆಗುತ್ತಿದೆ. ಅಕ್ಟೋಬರ್‌ನಲ್ಲಿ ಇವರ ಶುಗರ್ ಮಾತ್ರೆ ಒಂದು ತೆಗೆದು ಬೇರೆ ಕೊಟ್ಟಿದ್ದಾರೆ. ಸಕ್ಕರೆ ಈಗ ಚೆನ್ನಾಗಿಯೇ ಇದೆ. ಏನು ಮಾಡಲಿ?

ವಿನ್ನಿಪೆಗ್ ಅಜ್ಜಿ:

ಮೊದಲು ಪಾಲಿಸಿ ಪುಸ್ತಕ ತೆಗೆದು "ಸ್ಥಿರ" ಅನ್ನುವುದಕ್ಕೆ ಅವರು ಏನು ಅರ್ಥ ಬರೆದಿದ್ದಾರೆ, ಎಷ್ಟು ದಿನ ಅಂದಿದ್ದಾರೆ, ಎರಡನ್ನೂ ಗುರುತು ಹಾಕಿ. ನಾಳೆ ಬೆಳಿಗ್ಗೆ ಮಾತ್ರೆ ಬದಲಾದ ತಾರೀಕನ್ನು ಫಾರ್ಮಸಿಯಿಂದ ಬರೆಸಿಕೊಳ್ಳಿ. ಆಮೇಲೆ ಕಂಪನಿಗೆ ಫೋನ್ ಮಾಡಿ ಅದನ್ನು ತಿಳಿಸಿ. ಕೆಲವರು ಸ್ವಲ್ಪ ಹೆಚ್ಚು ದುಡ್ಡು ತಗೊಂಡು ಕಡಿಮೆ ದಿನದ ನಿಯಮಕ್ಕೆ ಬದಲಾಯಿಸಿಕೊಡುತ್ತಾರೆ, ಅದು ಇದೆಯಾ ಕೇಳಿ. ಉತ್ತರ ಇಮೇಲ್‌ನಲ್ಲಿ ಬರಲಿ. ಅದು ಬರುವವರೆಗೆ ಮನೆ ಬಾಡಿಗೆಯ ಉಳಿದ ದುಡ್ಡು ಕಳಿಸಬೇಡಿ.

ಪಾಲಿಸಿಯ ಭಾಷೆ ತಿಳಿಯದಿದ್ದರೆ ಆ ಪುಟದ ಫೋಟೋ ತೆಗೆದು, ನಿಮ್ಮ ಹೆಸರು, ನಂಬರ್ ಮುಚ್ಚಿ, ನನಗೆ ಕಳಿಸಿ. ಇವತ್ತು ರಾತ್ರಿ ನಮ್ಮನೆಯವರು, ನಾನು ಇಬ್ಬರೂ ಕೂತು ಓದುತ್ತೇವೆ.